ಹತ್ತಿಮತ್ತೂರಿನ ಗೋಡೆಗೆ ಬೆಳಕಿನ ಅಕ್ಷರ: ಕನ್ನಡಿ ಕುಣಿಸುವ ಡಬ್ಬಿಗೆ ಒಂದೂವರೆ ಸಾವಿರ, ಕಣ್ಣಿನ ಬೆಲೆ ಬೇರೆ!

ಗಣಪತಿ ಹಬ್ಬಕ್ಕೆ ಇನ್ನೂ ತಿಂಗಳಿರುವಾಗಲೇ ಪಟ್ಟಿ ಪುಸ್ತಕ ಹಿಡಿದ ಹುಡುಗರು ಅಂಗಡಿ ಕಟ್ಟೆ ಏರುವುದು ಸವಣೂರ ತಾಲೂಕಿಗೆ ಹೊಸದಲ್ಲ. ಗಲ್ಲಾ ತೆಗೆಯುವ ಮೊದಲು ಅಂಗಡಿ ಯಜಮಾನರು ಕೇಳುವ ಮಾತೂ ಹೊಸದಲ್ಲ: “ಈ ಸಲ ಏನ್ ಮಾಡಾವ್ರದೀರಪ್ಪಾ?” ಮೊದಲೆಲ್ಲ ಉತ್ತರ “ನಾಟಕ” ಅಂತಿತ್ತು. ಆಮೇಲೆ “ಆರ್ಕೆಸ್ಟ್ರಾ” ಅಂತಾಯಿತು. ಈಗಿನ ಉತ್ತರ, “ಡಿಜೆ ರೀ ಕಾಕಾ, ಅದರ ಮ್ಯಾಲೆ ಲೇಸರ್ ಲೈಟ್!”

ಈ ಲೇಸರ್ ಲೈಟೆಂಬ ಡಬ್ಬಿ ದೊಡ್ಡ ಊರಿನಿಂದ ಬಾಡಿಗೆಗೆ ಬರುತ್ತದೆ. ಒಂದು ರಾತ್ರಿಗೆ ಇಷ್ಟು ಅಂತ ಬಾಡಿಗೆ, ಮೇಲೆ ತರುವ ಗಾಡಿ ಖರ್ಚು, ಅದರ ಸಂಗಡ ಬರುವ ಆಳಿನ ಊಟ. ಬೆಳಗಾದರೆ ಡಬ್ಬಿಯೂ ಇಲ್ಲ, ದುಡ್ಡೂ ಇಲ್ಲ. ಇದನ್ನು ಕಂಡು ಊರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಹುಡುಗನೊಬ್ಬನಿಗೆ, “ಇದನ್ನ ನಾನೇ ಯಾಕ್ ಮಾಡಬಾರ್ದು?” ಅನಿಸಿತು ಅಂತಿಟ್ಟುಕೊಳ್ಳಿ. ಅನಿಸಿದರೆ ತಪ್ಪೇನಿಲ್ಲ. ಜಗತ್ತಿನ ನಾನಾ ಕಡೆ ಹವ್ಯಾಸಿಗಳು ಇದನ್ನು ಮನೆಯಲ್ಲೇ ಕೂತು ಮಾಡಿದ್ದಾರೆ. ಏನೇನು ಬೇಕು, ಎಷ್ಟು ಬೀಳುತ್ತದೆ, ಎಲ್ಲಿ ಕೈ ಸುಡುತ್ತದೆ ಎಂಬುದು ಪಟ್ಟಿ ಕೊಡುವವರಿಗೂ ಗೊತ್ತಿರಬೇಕಾದ ಬಾಬತ್ತು. ಯಾಕೆಂದರೆ ಮೆರವಣಿಗೆಯಲ್ಲಿ ಹೆಗಲ ಮೇಲೆ ಕೂತು ನೋಡುವ ಮಕ್ಕಳು ಅವರವೇ.

ಡಬ್ಬಿಯೊಳಗೆ ಏನಿದೆ?

ಮುಚ್ಚಳ ಬಿಚ್ಚಿದರೆ ಬೆರಳುಗುರಿನಷ್ಟು ದೊಡ್ಡ ಎರಡು ಕನ್ನಡಿ. ಒಂದು ಬೆಳಕನ್ನು ಎಡಕ್ಕೆ-ಬಲಕ್ಕೆ ತಳ್ಳುತ್ತದೆ, ಇನ್ನೊಂದು ಮೇಲೆ-ಕೆಳಗೆ. ಬಿಸಿಲಿಗೆ ಕನ್ನಡಿ ಚೂರು ಹಿಡಿದು ಮಾಸ್ತರರ ಮುಖಕ್ಕೆ ಬೆಳಕು ಹೊಡೆದು ಏಟು ತಿಂದವರಿಗೆ ಈ ವಿದ್ಯೆ ಬಿಡಿಸಿ ಹೇಳಬೇಕಿಲ್ಲ. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ. 10 ಮೀಟರ್ ದೂರದ ಗೋಡೆಯ ಮೇಲೆ ಅದು ಹತ್ತಿರ ಹತ್ತಿರ 35 ಸೆಂಟಿಮೀಟರ್, ಅಂದರೆ ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ಇದ್ದ ಚುಕ್ಕೆ ಒಂದೇ. ಅದನ್ನು ಕಣ್ಣಿಗೆ ನಿಲುಕದ ವೇಗದಲ್ಲಿ ಓಡಿಸಿದರೆ ಗೆರೆಯಾಗಿ ಕಾಣುತ್ತದೆ. ಕತ್ತಲಲ್ಲಿ ಊದಿನಕಡ್ಡಿ ಗಿರ್ರನೆ ತಿರುಗಿಸಿದರೆ ಕೆಂಪು ಬಳೆ ಕಾಣುವುದಿಲ್ಲವೇ, ಹಾಗೆ.

ಕನ್ನಡಿ ಕೂತಿರುವ ಪುಟ್ಟ ಮೋಟರಿಗೆ ಗ್ಯಾಲ್ವೊ ಅನ್ನುತ್ತಾರೆ. ಪಿಯುಸಿ ಪ್ರಯೋಗಶಾಲೆಯಲ್ಲಿ ಮುಳ್ಳು ಅಲ್ಲಾಡಿಸುತ್ತಿದ್ದ ಗ್ಯಾಲ್ವನೋಮೀಟರಿನ ತಮ್ಮ ಇದು. ಪೂರ್ತಿ ಸುತ್ತು ತಿರುಗುವುದಿಲ್ಲ, ಕೆಲವೇ ಡಿಗ್ರಿ ಆ ಕಡೆ ಈ ಕಡೆ. ಹೊಸ ಸರಕೇನೂ ಅಲ್ಲ. 1857ರ ಸುಮಾರಿಗೆ ಫ್ರಾನ್ಸಿನ ಲಿಸಾಜು ಎಂಬ ವಿದ್ವಾಂಸ ನಾದದ ಕವೆಗಳಿಗೆ ಕನ್ನಡಿ ಕಟ್ಟಿ, ಅದಕ್ಕೆ ಬೆಳಕು ಬಿಟ್ಟು, ಗೋಡೆಯ ಮೇಲೆ ಎಂಟಿನಾಕಾರ ಸುನ್ನಿಯಾಕಾರ ಬರೆಸಿ ತೋರಿಸಿದ್ದ. 1858ರಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ತಂತಿ ಹಾಸಿದಾಗ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಚಿಕ್ಕ ಕನ್ನಡಿಯ ಗ್ಯಾಲ್ವನೋಮೀಟರ್ ಮಾಡಿ, ಅದರ ಬೆಳಕಿನ ಚುಕ್ಕೆ ಯಾವ ಕಡೆ ಸರಿಯಿತು ಎಂದು ನೋಡಿ ತಂತಿ ಸಂದೇಶ ಓದಿಸಿದ. ಲೇಸರ್ ಹುಟ್ಟಿದ್ದು 1960ರಲ್ಲಿ. 1973ರ ನವೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನ ಗ್ರಿಫಿತ್ ವೀಕ್ಷಣಾಲಯದಲ್ಲಿ ಟಿಕೆಟ್ ಇಟ್ಟು ಲೇಸರ್ ಪ್ರದರ್ಶನ ಶುರುವಾಯಿತು. ದೀಪ ಬದಲಾಯಿತು, ಕನ್ನಡಿ ಅದೇ.

ಇರಲಿ. ಗ್ಯಾಲ್ವೊಗೆ ಸ್ವಂತ ಬುದ್ಧಿ ಇಲ್ಲ. ಅದರ ಜೋಡಿ ಬರುವ ಡ್ರೈವರ್ ಬೋರ್ಡು ಎಷ್ಟು ವೋಲ್ಟ್ ಬಂತೋ ಅಷ್ಟಕ್ಕೆ ಕನ್ನಡಿ ತಿರುಗಿಸಿ ನಿಲ್ಲಿಸುತ್ತದೆ, ಅಷ್ಟೇ. “ಈಗ ಇಲ್ಲಿಗೆ, ಈಗ ಅಲ್ಲಿಗೆ” ಎಂದು ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಾವಿರ ಸಲ ಹೇಳುವ ಒಬ್ಬ ಯಜಮಾನ ಬೇಕು. ಅದೇ ಕಂಟ್ರೋಲರ್. ಮನೆಯಲ್ಲಿ ಅಗ್ಗಕ್ಕೆ ಮಾಡಲು ಬರುವುದು ಇದನ್ನೇ.

ಗುಜರಿಯ ಆಸೆ

“ಕಂಟ್ರೋಲರ್ ಅಷ್ಟೇ ಯಾಕ್ರೀ, ಗ್ಯಾಲ್ವೊನೂ ಮನ್ಯಾಗ ಮಾಡ್ತೇನಿ” ಅನ್ನುವ ಉಮೇದಿನವರೂ ಇರುತ್ತಾರೆ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿದರೆ ಅಯಸ್ಕಾಂತದ ನಡುವೆ ಆಡುವ ಸುರುಳಿ ಕೈಯೊಂದು ಸಿಗುತ್ತದೆ. ಅದಕ್ಕೆ ಕನ್ನಡಿ ಅಂಟಿಸಬಹುದು. ಸ್ಪೀಕರಿನ ಹಾಳೆಗೂ ಕನ್ನಡಿ ಅಂಟಿಸಬಹುದು, ಹಾಡು ಹಾಕಿದರೆ ಬೆಳಕು ಕುಣಿಯುತ್ತದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಷ್ಟು ಭೇಷಾಯಿತು. ಆದರೆ ಅಕ್ಷರ ಬರೆಯಲು ಸಾಲದು. ಯಾಕೆಂದರೆ ನಿಜವಾದ ಗ್ಯಾಲ್ವೊದಲ್ಲಿ ಕನ್ನಡಿ ಈಗ ಎಲ್ಲಿದೆ ಎಂದು ಹೇಳುವ ಕಣ್ಣೊಂದಿರುತ್ತದೆ. ಡ್ರೈವರ್ ಬೋರ್ಡು ಅದನ್ನು ನೋಡುತ್ತಾ ಬ್ರೇಕು ಹಾಕುತ್ತದೆ. ಗುಜರಿ ಕೈಗೆ ಆ ಕಣ್ಣಿಲ್ಲ. ಗುರಿ ದಾಟಿ ಹೋಗಿ, ಹಿಂದೆ ಬಂದು, ಜೋಲಿ ಹೊಡೆಯುತ್ತದೆ. ‘ಹ’ ಬರೆಯಲು ಹೋದರೆ ಸೊಟ್ಟ ಬದನೆಕಾಯಿ ಮೂಡುತ್ತದೆ!

ಆದ್ದರಿಂದ ಗ್ಯಾಲ್ವೊ ಕೊಳ್ಳುವುದೇ ಲೇಸು. ಚೀನಾದಲ್ಲಿ ತಯಾರಾದ ಜೋಡಿ, ಎರಡು ಗ್ಯಾಲ್ವೊ, ಎರಡು ಡ್ರೈವರ್ ಬೋರ್ಡು, ಒಂದು ಪವರ್ ಸಪ್ಲೈ ಸೇರಿ ಕೆಲವು ಸಾವಿರ ರೂಪಾಯಿಗೆ ಬರುತ್ತದೆ. ಇದರ ಮೇಲೆ ‘20ಕೆ’ ಎಂದು ಬರೆದಿರುತ್ತದೆ. ಸೆಕೆಂಡಿಗೆ ಇಪ್ಪತ್ತು ಸಾವಿರ ಚುಕ್ಕೆ ಎಂದರ್ಥ. ಅದೂ ಸಣ್ಣ ಕೋನದಲ್ಲಿ ಬರೆಯುವಾಗ ಮಾತ್ರ. ಚಿತ್ರ ಅಗಲ ಮಾಡಿದಷ್ಟೂ ವೇಗ ಇಳಿಸಬೇಕು. ತುಂಬಿದ ಬಸ್ಸು ಏರಿನಲ್ಲಿ ಓಡುವಷ್ಟೇ ಓಡುತ್ತದೆ.

ಕಂಟ್ರೋಲರಿಗೆ ಬೇಕಾದ ಸಾಮಾನು ಅಂಗೈಯಲ್ಲಿ ಹಿಡಿಸುತ್ತದೆ. ಇಎಸ್‌ಪಿ-32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ನಾನೂರು ಐನೂರು ರೂಪಾಯಿ. ಎಂಸಿಪಿ-4822 ಎಂಬ ಎಂಟು ಕಾಲಿನ ಐಸಿ. ಟಿಎಲ್-074 ಎಂಬ ಇನ್ನೊಂದು ಐಸಿ, ಇದು ಚಿಲ್ಲರೆ ಕಾಸಿನದು. ನಾಲ್ಕಾರು ರೆಸಿಸ್ಟರು, ಪ್ರೀಸೆಟ್ಟು, 25 ಸೂಜಿಯ ಕನೆಕ್ಟರು, ತೂತಿನ ಬೋರ್ಡು, ಪ್ಲಸ್ ಮೈನಸ್ ಎರಡೂ ಕೊಡುವ ಒಂದು ಪವರ್ ಸಪ್ಲೈ. ಒಟ್ಟು ಲೆಕ್ಕ ಸಾವಿರದ ಮುನ್ನೂರು, ಹೆಚ್ಚೆಂದರೆ ಒಂದೂವರೆ ಸಾವಿರ. ಅಂಗಡಿ ಅಂಗಡಿಗೆ ದರ ಹೆಚ್ಚು ಕಡಿಮೆ ಇದ್ದದ್ದೇ. ಹೊರದೇಶದ ಸಿದ್ಧ ಕಂಟ್ರೋಲರಿಗೆ ಇದರ ಎಷ್ಟೋ ಪಟ್ಟು ಬೀಳುತ್ತದೆ. ಹೀಲಿಯಾಸ್ ಎಂಬ ಕಂಟ್ರೋಲರಿನ ನಕ್ಷೆಯನ್ನು ಮಾಡಿದವರೇ ಎಲ್ಲರಿಗೂ ಬಿಚ್ಚಿಟ್ಟಿದ್ದಾರೆ, ನೋಡಿ ಕಲಿಯಲು ಅಡ್ಡಿಯಿಲ್ಲ.

ಇಲ್ಲೊಂದು ಜಿಪುಣತನದ ಬಲೆ ಇದೆ. ಇಎಸ್‌ಪಿ-32ರ ಹೊಟ್ಟೆಯಲ್ಲೇ ಅಂಕಿಯನ್ನು ವೋಲ್ಟಾಗಿಸುವ ಎರಡು ದಾರಿ ಇವೆ, ಎಂಸಿಪಿ ಐಸಿ ಯಾಕೆ ಬೇಕು ಅನಿಸುತ್ತದೆ. ಒಳಗಿನ ದಾರಿಗೆ 256 ಮೆಟ್ಟಿಲು ಮಾತ್ರ. ಮೂರು ಮೀಟರ್ ಅಗಲದ ಚಿತ್ರ ಬರೆದರೆ ಒಂದೊಂದು ಮೆಟ್ಟಿಲೂ ಹೆಚ್ಚುಕಡಿಮೆ 12 ಮಿಲಿಮೀಟರ್. ಗೆರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಎಂಸಿಪಿಗೆ 4096 ಮೆಟ್ಟಿಲು, ಒಂದೊಂದು ಮುಕ್ಕಾಲು ಮಿಲಿಮೀಟರಿಗೂ ಕಡಿಮೆ. ಒಂದು ಐಸಿಯ ದುಡ್ಡು ಉಳಿಸಲು ಹೋಗಿ ಗಣಪತಿಯ ಸೊಂಡಿಲಿಗೆ ಹಲ್ಲು ಮೂಡಿಸುವುದು ಜಾಣತನವಲ್ಲ.

ತಕ್ಕಡಿಯ ಲೆಕ್ಕ

ಎಂಸಿಪಿ ಕೊಡುವುದು ಸೊನ್ನೆಯಿಂದ 4.096 ವೋಲ್ಟ್. ಗ್ಯಾಲ್ವೊ ಬೋರ್ಡು ಕೇಳುವುದು ಬೇರೆ. ಲೇಸರ್ ಪ್ರದರ್ಶನದವರ ಅಂತರರಾಷ್ಟ್ರೀಯ ಸಂಘವೊಂದು 1986ರಲ್ಲಿ ಹುಟ್ಟಿತು, ಇಲ್ಡಾ ಎಂದು ಅದರ ಹೆಸರು. ಆ ಸಂಘ ಹಾಕಿಕೊಟ್ಟ ಪದ್ಧತಿಯಂತೆ ಒಂದೊಂದು ಕನ್ನಡಿಗೂ ಎರಡು ತಂತಿ. ಒಂದರಲ್ಲಿ ವೋಲ್ಟ್ ಏರಿದರೆ ಇನ್ನೊಂದರಲ್ಲಿ ಅಷ್ಟೇ ಇಳಿಯಬೇಕು. ಇದು ಪ್ಲಸ್ ಐದಾದರೆ ಅದು ಮೈನಸ್ ಐದು, ನಡುವಿನ ಅಂತರ ಹತ್ತು. ಬೋರ್ಡು ನೋಡುವುದು ಅಂತರವನ್ನು ಮಾತ್ರ.

ಇದೇಕೆ ಇಷ್ಟು ಸುತ್ತು ಬಳಸು? ಕಿರಾಣಿ ಅಂಗಡಿಯವರಿಗೆ ತಕ್ಕಡಿಯಿಂದ ಹೇಳಿದರೆ ಸಾಕು. ಎರಡೂ ಪರಡಿಯ ಮೇಲೆ ಒಂದೇ ಸಮ ಧೂಳು ಕೂತರೆ ಮುಳ್ಳು ಅಲ್ಲಾಡುವುದಿಲ್ಲ. ಮೆರವಣಿಗೆಯಲ್ಲಿ ಜನರೇಟರು, ಡಿಜೆಯ ಆಂಪ್ಲಿಫಾಯರು, ಮಿಣುಕುವ ಸೀರಿಯಲ್ ಸೆಟ್ಟು, ಇವೆಲ್ಲ ಸೇರಿ ತಂತಿಗೆ ವಿದ್ಯುತ್ತಿನ ಧೂಳು ಎರಚುತ್ತವೆ. ಅದು ಎರಡೂ ತಂತಿಗೆ ಸಮ ಬೀಳುತ್ತದೆ, ಕಳೆದಾಗ ಹೋಗಿಬಿಡುತ್ತದೆ. ಒಂದೇ ತಂತಿಯಾದರೆ ಅಕ್ಷರಕ್ಕೆಲ್ಲ ಚಳಿ ಹಿಡಿದಂತೆ ನಡುಕ.

ಈ ಕೆಲಸ ಟಿಎಲ್-074ರದು. ಎಂಸಿಪಿಯ ವೋಲ್ಟಿನಿಂದ ನಡುವಣ 2.048 ಕಳೆದು, ಉಳಿದದ್ದನ್ನು 2.44 ಪಟ್ಟು ಹಿಗ್ಗಿಸಿದರೆ ಪ್ಲಸ್-ಮೈನಸ್ ಐದು. ಅದನ್ನೇ ತಿರುವಿ ಹಾಕಿದರೆ ಎರಡನೆಯ ತಂತಿ. ನಾಲ್ಕು ಆಂಪ್ಲಿಫಾಯರು ಒಂದೇ ಐಸಿಯಲ್ಲಿ ಇರುವುದರಿಂದ ಎರಡು ಕನ್ನಡಿಗೂ ಒಂದೇ ಐಸಿ ಸಾಕು. ಪ್ರೀಸೆಟ್ಟು ತಿರುಗಿಸಿ ನಡುಬಿಂದು ಕೂರಿಸುವುದು ಅರ್ಧ ಗಂಟೆಯ ಕೆಲಸ. ರೇಡಿಯೋ ಕಾಲದಿಂದ ಸೋಲ್ಡರಿಂಗ್ ಕಡ್ಡಿ ಹಿಡಿದವರಿಗೆ ಇದು ದೊಡ್ಡ ಮಾತೇ ಅಲ್ಲ.

ಇನ್ನೂ ಬಡವರ ದಾರಿ ಕಂಪ್ಯೂಟರಿನ ಸೌಂಡ್ ಕಾರ್ಡಿನದು. ಎಡಗಿವಿಯ ಹಾಡು ಒಂದು ಕನ್ನಡಿಗೆ, ಬಲಗಿವಿಯದು ಇನ್ನೊಂದಕ್ಕೆ. ಸೌಂಡ್ ಕಾರ್ಡಿನ ಬಾಗಿಲಲ್ಲಿ ಕೆಪ್ಯಾಸಿಟರ್ ಕೂತಿರುತ್ತದೆ, ಅದು ನಿಂತ ವೋಲ್ಟನ್ನು ಹೊರಬಿಡುವುದಿಲ್ಲ. ಹಾಗಾಗಿ ಚಿತ್ರ ಒಂದು ಕಡೆ ನಿಲ್ಲದೆ ನಡುವಿಗೆ ಜಾರುತ್ತದೆ. ಕೆಪ್ಯಾಸಿಟರ್ ತೆಗೆದು ತಂತಿ ಹಾಯಿಸಿದವರಿದ್ದಾರೆ. ಹಳೆಯ ಕಾರ್ಡಾದರೆ ಮಾಡಿ ನೋಡಬಹುದು.

ದುಂಡಕ್ಷರದ ಪುಣ್ಯ

ಪ್ರೋಗ್ರಾಮ್ ಬರೆಯುವಾಗ ಗೊತ್ತಾಗುವ ಸಂಗತಿ ಸ್ವಾರಸ್ಯದ್ದು. ಕನ್ನಡಿಗೆ ತೂಕವಿದೆ, ಓಡುತ್ತಿರುವಾಗ ಚಕ್ಕನೆ ಹೊರಳಲಾರದು. ಚೂಪು ಮೂಲೆ ಬಂದಲ್ಲೆಲ್ಲ ಎಂಟು ಹತ್ತು ಚುಕ್ಕೆ ಅಲ್ಲೇ ನಿಲ್ಲಿಸಿ “ತಡಿಯಪ್ಪಾ, ಈಗ ಹೊಳ್ಳು” ಅನ್ನಬೇಕು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಮೂಲೆಗಳೇ ಹೆಚ್ಚು. ಕನ್ನಡ ದುಂಡಗೆ. ತಿರುವಿನಲ್ಲಿ ಬಸ್ಸು ಹೊರಳಿದಂತೆ ಕನ್ನಡಿ ಸಲೀಸಾಗಿ ಹೊರಳುತ್ತದೆ. ಲೇಸರ್ ಕಂಡುಹಿಡಿದವರು ಕನ್ನಡ ಕಲಿತಿರಲಿಲ್ಲ ನಿಜ, ಕನ್ನಡಿಗೆ ಮಾತ್ರ ಕನ್ನಡವೇ ಹಿತ!

ತೊಡಕು ಒತ್ತಕ್ಷರದ್ದು. ‘ಹತ್ತಿಮತ್ತೂರು’ ಬರೆಯಬೇಕೆಂದರೆ ‘ತ’ ಮುಗಿಸಿ ಕೆಳಗಿನ ಒತ್ತಿಗೆ ಜಿಗಿಯಬೇಕು. ಜಿಗಿಯುವಾಗ ಲೇಸರ್ ಆರಿಸದಿದ್ದರೆ ನಡುವೆ ಗೆರೆ ಎಳೆದು ಅಕ್ಷರ ಕೆಡುತ್ತದೆ. ಆರಿಸಿ, ಕನ್ನಡಿ ತಲುಪಿದ ಮೇಲೆ ಹಚ್ಚಬೇಕು. ಕನ್ನಡಿ ಲೇಸರಿಗಿಂತ ಸ್ವಲ್ಪ ತಡವಾಗಿ ತಲುಪುವುದರಿಂದ ಈ ಹೊತ್ತಿನ ಹೊಂದಾಣಿಕೆಗೇ ಎರಡು ಮೂರು ರಾತ್ರಿ ಹೋಗುತ್ತವೆ. ಅಕ್ಷರಕ್ಕೆ ಎಂಬತ್ತು ಚುಕ್ಕೆಯಂತೆ ಐದು ಅಕ್ಷರಕ್ಕೆ 400, ಜಿಗಿತಕ್ಕೆ ನೂರು, ಒಟ್ಟು 500 ಅನ್ನಿ. ಸೆಕೆಂಡಿಗೆ 20,000 ಚುಕ್ಕೆಯಾದರೆ ಊರ ಹೆಸರು ಸೆಕೆಂಡಿಗೆ 40 ಸಲ ಬರೆದಂತಾಯಿತು, ಕಣ್ಣಿಗೆ ಅಲುಗದೆ ಕಾಣುತ್ತದೆ. ಅದೇ ಗುಜರಿ ಕನ್ನಡಿ ಎರಡು ಸಾವಿರ ಚುಕ್ಕೆಗೇ ಸುಸ್ತಾದರೆ ನಾಲ್ಕೇ ಸಲ. ಓದುವವರಿಗೆ ತಲೆಸುತ್ತು.

ರಾಷ್ಟ್ರಕೂಟರ ಕಾಲದವರು ಈ ಊರಿನಲ್ಲಿ ಕಲ್ಲಿಗೆ ಉಳಿಯಿಂದ ಕೊರೆಸಿದ ಅಕ್ಷರ ಸಾವಿರಕ್ಕೂ ಹೆಚ್ಚು ವರ್ಷ ನಿಂತಿದೆ. ಇದು ಕರೆಂಟು ಹೋಗುವವರೆಗೆ ನಿಲ್ಲುತ್ತದೆ. ಹೆಸ್ಕಾಂನವರ ಕೃಪೆ!

ಮಳೆ ಬಂತು, ಕಣ್ಣು ಹೋಯಿತು

ಇಷ್ಟರವರೆಗೆ ಎಲ್ಲ ಚೆಂದ. ಈಗ ಕಹಿ ಮಾತು.

2008ರ ಜುಲೈ ತಿಂಗಳಲ್ಲಿ ರಷ್ಯಾದ ವ್ಲಾದಿಮಿರ್ ಪ್ರಾಂತದಲ್ಲಿ ಬಯಲು ಸಂಗೀತದ ಜಾತ್ರೆ ನಡೆದಿತ್ತು. ಆಕಾಶಕ್ಕೆ ಬಿಡಬೇಕಿದ್ದ ಭಾರೀ ಲೇಸರುಗಳು ಅಲ್ಲಿದ್ದವು. ಮಳೆ ಬಂತು. ಮೇಲೆ ಚಪ್ಪರ ಎಳೆದರು. ಆಕಾಶ ಮುಚ್ಚಿತು, ಬೆಳಕು ಕುಣಿಯುವ ಜನರ ಮೇಲೆ ಬಿತ್ತು. ಕಣ್ಣು ಮಂಜಾಗಿದೆ ಎಂದು ಹತ್ತಾರು ಮಂದಿ ಆಸ್ಪತ್ರೆ ಹತ್ತಿದರು. ದೃಷ್ಟಿಪಟಲ ಸುಟ್ಟಿತ್ತು. ಅಷ್ಟು ದೂರ ಯಾಕೆ, ಪಕ್ಕದ ಮಹಾರಾಷ್ಟ್ರದ ನಾಸಿಕ್‌ನಲ್ಲಿ 2023ರ ಗಣೇಶ ವಿಸರ್ಜನೆಯ ಮೆರವಣಿಗೆ ಮುಗಿದ ಮೇಲೆ ಕಣ್ಣಿನ ಡಾಕ್ಟರರ ಮುಂದೆ ಇಂಥದೇ ಪೆಟ್ಟು ತಿಂದ ಹರೆಯದ ಹುಡುಗರು ಬಂದು ಕೂತರು. 2024ರಲ್ಲಿ ಪುಣೆ ಪೊಲೀಸರು ಗಣೇಶೋತ್ಸವದ ಮೆರವಣಿಗೆಗಳಲ್ಲಿ ಲೇಸರ್ ಕಿರಣಕ್ಕೇ ನಿಷೇಧ ಹಾಕಿದರು.

ಕಾರಣ ಸರಳ. ಒಂದು ಮಿಲಿವಾಟಿನ ಕೆಂಪು ಪೆನ್ ಕಣ್ಣಿಗೆ ಬಿದ್ದರೆ ರೆಪ್ಪೆ ಕಾಲು ಸೆಕೆಂಡಿನಲ್ಲಿ ಮುಚ್ಚುತ್ತದೆ, ಅಷ್ಟರಲ್ಲಿ ಕೇಡಾಗುವುದಿಲ್ಲ. ಡಿಜೆ ಡಬ್ಬಿಯ ಲೇಸರ್ ಒಂದು ವಾಟ್, ಎರಡು ವಾಟ್, ಇನ್ನೂ ಮೇಲೆ. ಒಂದು ವಾಟೆಂದರೆ ಆ ಪೆನ್ನಿನ ಸಾವಿರ ಪಟ್ಟು. ಕಣ್ಣಿನ ಮಸೂರ ಅದನ್ನು ಸೂಜಿಮೊನೆಯಷ್ಟಕ್ಕೆ ಕೂಡಿಸುತ್ತದೆ. ರೆಪ್ಪೆ ಬಡಿಯುವ ಮೊದಲೇ ಕೆಲಸ ಮುಗಿದಿರುತ್ತದೆ. ನೋವೂ ಆಗದಿರಬಹುದು. ಮರುದಿನ ಪೇಪರ್ ಓದುವಾಗ ನಡುವೆ ಕಪ್ಪು ಕಲೆ ಕಂಡಾಗಲೇ ಗೊತ್ತಾಗುವುದು. ಮತ್ತೆ ಮೊದಲಿನಂತಾಗುವ ಖಾತ್ರಿಯನ್ನು ಯಾವ ಡಾಕ್ಟರೂ ಕೊಡುವುದಿಲ್ಲ.

ಕನ್ನಡಿ ಓಡುತ್ತಿದ್ದರೆ ಆ ಶಕ್ತಿ ಗೆರೆಯುದ್ದಕ್ಕೂ ಹಂಚಿಹೋಗುತ್ತದೆ. ಕನ್ನಡಿ ನಿಂತರೆ? ಪೂರ್ತಿ ಶಕ್ತಿ ಒಂದೇ ಕಡೆ. ಮನೆಯಲ್ಲಿ ಮಾಡಿದ ಕಂಟ್ರೋಲರಿನ ನಿಜವಾದ ಗಂಡಾಂತರ ಇಲ್ಲಿದೆ. ಪ್ರೋಗ್ರಾಮ್ ಹ್ಯಾಂಗಾಗುವುದು ಮೊಬೈಲಿಗೂ ತಪ್ಪಿದ್ದಲ್ಲ. ಒಂದೂವರೆ ಸಾವಿರದ ಡಬ್ಬಿ ಹ್ಯಾಂಗಾದರೆ ಕನ್ನಡಿ ಇದ್ದಲ್ಲೇ ನಿಲ್ಲುತ್ತದೆ, ಲೇಸರ್ ಮಾತ್ರ ಉರಿಯುತ್ತಲೇ ಇರುತ್ತದೆ.

“ಅಲ್ಲೋ ತಮ್ಮಾ, ಹಂಗಾದ್ರ ಇದನ್ನ ಮಾಡೂದ ಬ್ಯಾಡ ಅಂತೀಯೇನು?” ಎಂದು ಹಿರಿಯರು ಕೇಳಿಯಾರು. ಮಾಡುವುದು ಬೇಡ ಎಂದಲ್ಲ. ಮಾಡುವ ಕ್ರಮವೊಂದಿದೆ. ಲೇಸರ್ ಹಚ್ಚುವ ತಂತಿಗೆ ನೆಲದ ಕಡೆ ಒಂದು ರೆಸಿಸ್ಟರ್ ಕಟ್ಟಿದರೆ ಬೋರ್ಡು ಸತ್ತಾಗ ಲೇಸರೂ ತಾನಾಗಿ ಆರುತ್ತದೆ. ಇದಕ್ಕೆ ಐವತ್ತು ಪೈಸೆಯೂ ಬೇಡ. ಪ್ರೋಗ್ರಾಮಿನಲ್ಲಿ ಕಾವಲುಗಾರನೊಬ್ಬನನ್ನು ಇಡಬೇಕು, ಕೆಲವು ಮಿಲಿಸೆಕೆಂಡು ಹೊಸ ಚುಕ್ಕೆ ಬರದಿದ್ದರೆ ಆತ ಬೆಳಕು ಕಡಿಯಬೇಕು. ಪ್ರೋಗ್ರಾಮನ್ನೇ ನಂಬಿ ಕೂರದೆ, ಗ್ಯಾಲ್ವೊ ನಿಜವಾಗಿ ಅಲ್ಲಾಡುತ್ತಿದೆಯೇ ಎಂದು ನೋಡುವ ಬೇರೆಯೇ ಒಂದು ಸರ್ಕೀಟು ಬೇಕು. ಎರಡೂ ಕನ್ನಡಿ ನಿಂತರೆ ಅದು ಲೇಸರಿನ ಕರೆಂಟನ್ನೇ ಕೀಳಬೇಕು. ಇದಕ್ಕೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ಬಿದ್ದೀತು. ಉಳಿತಾಯ ಮಾಡಬಾರದ ಜಾಗವೆಂದರೆ ಇದೊಂದೇ. ಹಚ್ಚುವಾಗ ಮೊದಲು ಗ್ಯಾಲ್ವೊ, ಆಮೇಲೆ ಲೇಸರ್. ಆರಿಸುವಾಗ ಮೊದಲು ಲೇಸರ್.

ಮೊದಲ ಪರೀಕ್ಷೆಗೆ ಲೇಸರೇ ಬೇಡ. ಕಾಲೇಜಿನ ಹಳೆಯ ಆಸಿಲೋಸ್ಕೋಪಿಗೆ ಎರಡು ತಂತಿ ಕೊಟ್ಟರೆ ಅಕ್ಷರ ಅದರ ಪರದೆಯಲ್ಲೇ ಮೂಡುತ್ತದೆ. ಆಮೇಲೆ ಒಂದು ಮಿಲಿವಾಟಿನ ಕೆಂಪು ಪೆನ್. ಜಾತ್ರೆಯಲ್ಲಿ ನೂರಿನ್ನೂರಕ್ಕೆ ಸಿಗುವ ಹಸಿರು ಪೆನ್ನನ್ನು ನಂಬಬಾರದು. ಚೀಟಿಯಲ್ಲಿ ಬರೆದದ್ದು ಒಂದು, ಒಳಗಿನದು ಇನ್ನೊಂದು. ಅಂಥ ಅಗ್ಗದ ಪೆನ್ನುಗಳಲ್ಲಿ ಕಣ್ಣಿಗೆ ಕಾಣದ ಅವಗೆಂಪು ಕಿರಣ ಸೋಸುವ ಗಾಜೇ ಇಲ್ಲದ್ದು ಸಿಕ್ಕಿತೆಂದು 2010ರಲ್ಲಿ ಅಮೆರಿಕದ ಸರಕಾರಿ ಮಾಪನ ಸಂಸ್ಥೆಯವರು ಎಚ್ಚರಿಸಿದ್ದರು.

ಬೀದಿಗೆ ತರುವ ದಿನ ಬಂದರೆ ಜಾಗದ ಲೆಕ್ಕ. ಅಮೆರಿಕದ ಕಾನೂನಿನಂತೆ ಕಿರಣ ಜನ ನಿಲ್ಲುವ ನೆಲದಿಂದ ಮೂರು ಮೀಟರ್ ಮೇಲೆ, ಪಕ್ಕಕ್ಕೆ ಎರಡೂವರೆ ಮೀಟರ್ ದೂರ ಇರಬೇಕು. ಹೆಗಲ ಮೇಲೆ ಮಗು ಕೂರಿಸಿಕೊಳ್ಳುವ ಇಲ್ಲಿನ ರೂಢಿಗೆ ಮೂರು ಮೀಟರೂ ಕಡಿಮೆಯೇ. ಬೆಳಕು ಬೀಳುವುದು ಸುಣ್ಣ ಬಳಿದ ಗೋಡೆಯ ಮೇಲೆ ಮಾತ್ರ. ಎದುರಿಗೆ ಸ್ಟೀಲ್ ಪಾತ್ರೆ ಅಂಗಡಿ, ಗಾಜಿನ ಶೋಕೇಸು, ನಿಂತ ಬಸ್ಸಿನ ಕಿಟಕಿ ಇದ್ದರೆ ಕಿರಣ ಅಲ್ಲಿ ಬಡಿದು ಹೊರಳಿ ಯಾರ ಮುಖಕ್ಕೆ ಹೋದೀತೋ ಹೇಳಲಾಗದು. ಮೊಬೈಲಿನಲ್ಲಿ ಚಿತ್ರ ಹಿಡಿಯುವವರೂ ಜೋಕೆ, ನೇರ ಕಿರಣ ಬಿದ್ದರೆ ಕ್ಯಾಮೆರಾದ ಒಳಗಣ್ಣೂ ಸುಡುತ್ತದೆ. ಡಿಜೆ ಗದ್ದಲಕ್ಕೆ ರಾತ್ರಿ ಹತ್ತರ ಗಡುವು ಇರುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಿಂದ ಎಲ್ಲರಿಗೂ ಗೊತ್ತು. ಬೆಳಕಿನ ವಿಚಾರವನ್ನೂ ಪರವಾನಗಿ ಕೇಳಲು ಹೋದಾಗಲೇ ಪೊಲೀಸ್ ಠಾಣೆಯಲ್ಲಿ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಇನ್ನು ಪಟ್ಟಿ ಕೊಡುವ ಯಜಮಾನರು ಹುಡುಗರನ್ನು ಕೇಳಬೇಕಾದ ಪ್ರಶ್ನೆ ಎರಡೇ. “ಕನ್ನಡಿ ನಿಂತ್ರ ಬೆಳಕು ತಾನ ಆರ್ತೈತೇನು? ಆರಿಸಿ ತೋರಿಸು.” ಕೈಯಿಂದ ಗ್ಯಾಲ್ವೊದ ತಂತಿ ಕಿತ್ತು ತೋರಿಸಲಿ. ಆರದಿದ್ದರೆ ಪಟ್ಟಿ ಪುಸ್ತಕ ಮಡಚಿಕೊಂಡು ಹೋಗಲಿ, ಬಾಡಿಗೆ ಡಬ್ಬಿ ತಂದವರಿಗೂ ಇದೇ ಮಾತು. ಎರಡನೆಯದು, “ಕೆಂಪು ಗುಂಡಿ ಯಾರ ಕೈಯಾಗ?” ಎಲ್ಲವನ್ನೂ ಒಮ್ಮೆಲೇ ಆರಿಸುವ ಆ ಗುಂಡಿ ಹಿಡಿದು ಕೂರುವ ಮನುಷ್ಯ ಅವತ್ತು ಕುಣಿಯುವಂತಿಲ್ಲ, ಗುಲಾಲು ಎರಚುವಂತಿಲ್ಲ, ಚಹಾ ಕುಡಿಯಲು ಎದ್ದು ಹೋಗುವಂತಿಲ್ಲ. ಅಂಥವನೊಬ್ಬನನ್ನು ಮಂಡಳಿಯವರು ಈಗಲೇ ಹುಡುಕಿಟ್ಟುಕೊಳ್ಳಬೇಕು. ಗ್ಯಾಲ್ವೊ ಸಿಕ್ಕಷ್ಟು ಸುಲಭವಾಗಿ ಆತ ಸಿಗುವುದಿಲ್ಲ.